ಬೆರಳಿಟ್ಟ ಜಾಗ

ಅವರು ಅಂಜನಾಪುರ ಕಡೆಯ ಕುರಿಗಾರರು. ಕತ್ತಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಗಂಟಾಗಿತ್ತು. ಔಷಧಿಗೆ ಅದು ಕರಗಿದ ಮೇಲೆ, ಉಳಿದಿರಬಹುದಾದ ರೋಗಕೋಶಗಳಿಗೆಂದು ವಿಕಿರಣ ಪಡೆಯಲು ನಾನು ಟೆಕ್ನಿಷಿಯನ್ ಕೆಲಸ ಕಲಿಯುತ್ತಿದ್ದ ಆಸ್ಪತ್ರೆಗೆ ಬಂದರು. ಕುರಿಯ ಕತ್ತನ್ನು ಸವರಿ ನೋಡುವಂತೆ ತಮ್ಮ ಕತ್ತನ್ನೇ ಸವರಿಕೊಳ್ಳುತ್ತ, "ಕೈಗೆ ಸಿಗಬೇಕ್ರಿ, ಆಗ ನಂಬ್ತೀನಿ" ಎನ್ನುತ್ತಿದ್ದರು.

"ಗಂಟೇ ಇಲ್ಲ, ಎಲ್ಲಿಗ್ರೀ ಹೊಡೀತೀರಿ?"

"ಇದ್ದ ಜಾಗಕ್ಕೆ" ಎಂದೆ. ನನಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ.

ಮರುದಿನ ಅವರು ಕತ್ತಿನ ಬಲಗಡೆ ಬೆರಳು ಒತ್ತಿಕೊಂಡೇ ಬಂದರು. "ಜಾಗ ತಪ್ಪಬಾರದಲ್ರಿ, ಬಸ್ಸಿನಾಗೂ ಬಿಟ್ಟಿಲ್ಲ. ಕಂಡಕ್ಟರು ಹಲ್ಲುನೋವೇನಜ್ಜ ಅಂದ."

ಹಳೆಯ ಸ್ಕ್ಯಾನ್ ಚಿತ್ರದಲ್ಲಿ ಗಂಟು ಎಡಗಡೆ ಕಾಣುತ್ತಿತ್ತು. "ಆ ಕಡೆ ಅಲ್ಲ, ಯಜಮಾನ್ರೇ" ಎಂದು ಅವರ ಬೆರಳನ್ನು ಎಡಕ್ಕೆ ಸರಿಸಿದೆ. ಅವರು ಅದನ್ನು ಮತ್ತೆ ಬಲಕ್ಕೆ ತಂದರು. ವಿಕಿರಣ ಬೀಳಬೇಕಾದ ಜಾಗವೆಂದು ನಾನು ಎಡಗಡೆ ಗುರುತು ಹಾಕಲು ಮಾರ್ಕರ್ ತೆರೆದೆ. ಪಕ್ಕದಲ್ಲಿದ್ದ ಹಿರಿಯ ಟೆಕ್ನಿಷಿಯನ್ ನನ್ನ ಕೈ ಹಿಡಿದರು.

"ಚಿತ್ರ ಅಂದ್ರೆ ಎದುರಿಗೆ ನಿಂತ ಮನುಷ್ಯ ಇದ್ದ ಹಾಗೆ ಮಾರಾಯ. ನಮ್ಮ ಎಡ ಅವರ ಬಲ."

ಅವರು ಕೈ ಹಿಡಿದು ತಡೆಯದಿದ್ದರೆ ನಾನು ರೋಗವೇ ಇರದ ಕಡೆಗೆ ಗುರುತು ಹಾಕಿಬಿಡುತ್ತಿದ್ದೆ. ಹಿರಿಯರೇ ಬಲಗಡೆ ಗುರುತು ಹಾಕಿದರು.

"ಈಗ ತೆಗೀಲೇನ್ರೀ ಬೆರಳು?" ಎಂದು ಕುರಿಗಾರರು ನನ್ನನ್ನೇ ಕೇಳಿದರು.

ತೆಗೆಯಿರಿ ಎನ್ನಲು ನನಗೆ ಧೈರ್ಯ ಬರಲಿಲ್ಲ.