ಹೊನ್ನಾಳಿ ಕೋರ್ಟಿನಲ್ಲಿ ದೊಡ್ಡಮ್ಮ

ತ್ಯಾವಣಿಗೆಯ ಬಳಿ ಬಸ್ಸು ನಿಂತಿದ್ದಾಗ ಕಿಟಕಿಯಿಂದ ಸುಟ್ಟ ಹುಲ್ಲಿನ ವಾಸನೆ ಬಂತು. ಉರಿಯುವ ಹುಲ್ಲಿನದಲ್ಲ, ನೀರೆರಚಿ ಆರಿಸಿದ ಮೇಲೆ ಏಳುವ ಹುಳಿ ವಾಸನೆ. ಎದುರು ಮನೆಯ ದೊಡ್ಡಮ್ಮ ನೆನಪಾದಳು...

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ನಾವು ಸಾಸ್ವೆಹಳ್ಳಿಯಲ್ಲಿದ್ದೆವು. ಅಪ್ಪ ತೀರಿಕೊಂಡಿದ್ದ. ನನ್ನ ತಮ್ಮನಿಗೆ ಎಂಟೋ ಒಂಬತ್ತೋ. ಹೊಲದಲ್ಲಿ ಸೌತೆಕಾಯಿ ಕಿತ್ತನೆಂದು ದೊಡ್ಡಮ್ಮನ ಗಂಡ ಅವನನ್ನು ಬಾರುಕೋಲಿನಿಂದ ಹೊಡೆದಿದ್ದ. ಮರುದಿನ ಮಧ್ಯಾಹ್ನ ತಮ್ಮ ನಮ್ಮ ಒಲೆಯಿಂದ ಕೆಂಡ ತೆಗೆದುಕೊಂಡು ಹೋಗಿ ಅವರ ಬಣವೆಗೆ ಇಟ್ಟ. ಆಟಕ್ಕಲ್ಲ, ಕೈತಪ್ಪಿಯೂ ಅಲ್ಲ. ಎತ್ತುಗಳ ವರ್ಷದ ಮೇವೆಲ್ಲ ಹೋಯಿತು. ನಾವು ದೊಡ್ಡಪ್ಪ ಎಂದು ಕರೆಯುತ್ತಿದ್ದ ಆ ಮನುಷ್ಯ ಪೊಲೀಸರಿಗೆ ದೂರು ಕೊಟ್ಟ.

ಕೋರ್ಟಿನ ದಿನ ಅವ್ವ ಅತ್ತಳೆಂದು ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ. ಇಂಥ ಕಡೆ ತಾಯಂದಿರನ್ನು ಅಳಿಸುವುದು ನೆನಪಿಗೊಂದು ಚಟ. ಅಲ್ಲಿದ್ದ ವಕೀಲರೊಬ್ಬರು ಅವ್ವನಿಗೆ ತಿಳಿಸಿ ಹೇಳಿದ್ದು ಮಾತ್ರ ಖಚಿತ: ಮಾಡಿದ್ದರ ಅರಿವು ಹುಡುಗನಿಗೆ ಇರಲಿಲ್ಲ ಎಂದಾದರೆ ಬಿಡುತ್ತಾರೆ, ಇತ್ತು ಎಂದಾದರೆ ದೂರದ ಸುಧಾರಣಾ ಶಾಲೆ, ವರ್ಷಗಟ್ಟಲೆ.

ಮ್ಯಾಜಿಸ್ಟ್ರೇಟರು ಮೆತ್ತಗೆ ಕೇಳಿದರು, “ಬೆಂಕಿ ಇಟ್ಟರೆ ಸುಡುತ್ತೆ ಅಂತ ಗೊತ್ತಿತ್ತೇನಪ್ಪ?”

ತಮ್ಮ ಎದೆಯುಬ್ಬಿಸಿ, “ಗೊತ್ತಿತ್ರಿ. ಅದಕ್ಕೇ ಇಟ್ಟೆ,” ಅಂದ.

ಜನ ನಕ್ಕರು. ವಕೀಲರು ಹಣೆ ಚಚ್ಚಿಕೊಂಡರು. ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಬೆಂಕಿ ಸುಡ್ತೈತೆ ಅಂತ ನಮ್ಮನೆ ಬೆಕ್ಕಿಗೂ ಗೊತ್ತೈತ್ರಿ. ಅದನ್ನೂ ಎಳಕೊಂಡು ಹೋಗ್ತೀರೇನು?”

ಜವಾನ ಗದರಿದ. ಅವಳ ಗಂಡ ಹಲ್ಲು ಕಚ್ಚಿ, “ಏ, ಬಾಯಿ ಮುಚ್ಚೇ. ಮನೆಗೆ ನಡಿ,” ಅಂದ.

“ಬಣವೆ ನನ್ನದೂ ಹೌದು. ಹೊರೆ ಹೊತ್ತು ಹೊತ್ತು ನೆತ್ತಿ ಕೂದಲು ಸವೆದಾವೆ,” ಅಂದವಳು ಮ್ಯಾಜಿಸ್ಟ್ರೇಟರ ಕಡೆ ತಿರುಗಿದಳು. “ಇವನ್ನ ಕಳಿಸಿಬಿಟ್ರೆ ನಮ್ಮೆತ್ತಿಗೆ ಹುಲ್ಲು ಕೊಯ್ಯೋರು ಯಾರ್ರೀ? ಸುಟ್ಟೋನೇ ತರ್ಲಿ. ನನ್ನ ಕೈಗೆ ಕೊಡ್ರಿ. ಹಂಗೇ, ಸೌತೆಕಾಯಿಗೆ ಬಾರುಕೋಲು ಎತ್ತಿದೋರ್ನೂ ಕೇಳ್ರಿ, ನೋವಾಗ್ತೈತೆ ಅಂತ ಗೊತ್ತಿತ್ತಾ ಅಂತ.”

ಈ ಸಲ ಯಾರೂ ನಗಲಿಲ್ಲ. ದೊಡ್ಡಪ್ಪ ತಲೆ ಎತ್ತಲಿಲ್ಲ. ಮ್ಯಾಜಿಸ್ಟ್ರೇಟರು ಅವನನ್ನೇ ದಿಟ್ಟಿಸಿ ನೋಡಿದರು... ಅಥವಾ ಹಾಗೆ ನೋಡಿದರೆಂಬುದು ನನಗೆ ಬೇಕಾಗಿದೆ. ಕೊನೆಗೆ ತಮ್ಮನಿಗೆ ಎಚ್ಚರಿಕೆ ಹೇಳಿ, ಅವ್ವನಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

ಆ ಬೇಸಿಗೆ ಪೂರ್ತಿ ತಮ್ಮ ಹೊಳೆದಂಡೆಯಲ್ಲಿ ಹುಲ್ಲು ಕೊಯ್ದ. ಹೊರೆ ಸಣ್ಣದಾದರೆ ದೊಡ್ಡಮ್ಮ ಬೈದು ಮತ್ತೆ ಓಡಿಸುತ್ತಿದ್ದಳು. ತಿರುಗಿ ಬಂದರೆ ರೊಟ್ಟಿ ಕೊಡುತ್ತಿದ್ದಳು. ಗಂಡ ಅವಳೊಡನೆ ಮಾತು ಬಿಟ್ಟ. ಎಷ್ಟು ಕಾಲ, ನಮಗೆ ಗೊತ್ತಾಗಲಿಲ್ಲ. ನಾವು ಕೇಳಲೂ ಇಲ್ಲ. ಆಮೇಲೆ ನಾನು ಮದುವೆಯಾಗಿ ಜಗಳೂರಿಗೆ ಹೋದೆ...

ಅವತ್ತು ತ್ಯಾವಣಿಗೆ ದಾಟಿ ಬಸ್ಸು ಸಾಸ್ವೆಹಳ್ಳಿಗೆ ಬಂದಾಗ ಇಳಿದು ಆ ಮನೆಗೆ ಹೋದೆ. ದೊಡ್ಡಮ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಗೋಡೆಯ ಮೇಲೆ ದೊಡ್ಡಪ್ಪನ ಪಟವಿತ್ತು, ಅವಳದಿರಲಿಲ್ಲ. ಅವಳ ಬಗ್ಗೆ ಕೇಳಿದ್ದಕ್ಕೆ, ನನ್ನ ಗುರುತಿಲ್ಲದ ಅವಳ ಮೊಮ್ಮಗ, “ಆ ಅಜ್ಜೀನಾ? ಕೋರ್ಟ್‌ನಾಗೆ ನಮ್ಮಜ್ಜನ ಮಾನ ಕಳೆದಾಕಿ ಅಂತಾರೆ,” ಅಂದ.

“ಹೌದಪ್ಪ, ಕಳೆದ್ಲು,” ಅಂದೆ. “ಅದಕ್ಕೇ ನನ್ನ ತಮ್ಮ ಮನೆಗೆ ಬಂದ.”