ಚಳಿಗೆ ಹೆಪ್ಪುಗಟ್ಟಿದ ಎಣ್ಣೆ

ಓಬಳೇಶ ತಿಪಟೂರಿನ ಕಾರ್ ಸರ್ವಿಸ್ ಸೆಂಟರಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ. ಆ ಕೆಲಸ ಹೋಗಿದ್ದು ಒಂದೇ ಮಾತಿಗೆ. ದಂಡಿನಶಿವರದ ಒಬ್ಬ ಮೇಷ್ಟ್ರು ಬಿಲ್ ಹಿಡಿದುಕೊಂಡು ಬಂದು, ಬ್ರೇಕ್ ಪ್ಯಾಡ್ ಹೊಸದು ಹಾಕಿದೀರೇನಪ್ಪ ಅಂತ ಕೇಳಿದರು. ಬಿಲ್ಲಿನಲ್ಲಿ ಹಾಕಿದೆ ಅಂತಿತ್ತು. ಓಬಳೇಶ ಹಾಕಿರಲಿಲ್ಲ. ಹಳೇದೇ ಚೆನ್ನಾಗಿತ್ತು. ಇಲ್ಲ ಸಾ ಅಂದ. ಸಾಯಂಕಾಲ ಮ್ಯಾನೇಜರು ಒಳಕ್ಕೆ ಕರೆದು, ನಾಳೆಯಿಂದ ಬರಬೇಡ ಅಂದ.

ಮನೆಗೆ ಬಂದು ಸೋಪಿನ ಪುಡಿ ಹಾಕಿ ಕೈ ತೊಳೆದ. ಹೆಂಡತಿ ವನಜಾ ಮುದ್ದೆ ತೊಳಸುತ್ತಿದ್ದಳು. ಏನಾಯ್ತು ಅಂದಿದ್ದಕ್ಕೆ ಹೇಳಿದ. ಅದನ್ನ ಯಾಕೆ ಹೇಳೋಕೆ ಹೋದೆ ಅಂದಳು.

"ಕೇಳಿದ್ರು, ಹೇಳ್ದೆ."

ಮುದ್ದೆ ನುಂಗಿ ಮಲಗಿದ. ನಿದ್ದೆಯೂ ಬಂತು. ವನಜಾಗೆ ಬರಲಿಲ್ಲ. ಹಾಕದ ಪ್ಯಾಡಿಗೆ ಕಾಸು ಕೇಳುವವರನ್ನು ನೆನೆದರೆ ಅಸಹ್ಯವಾಯಿತು. ಒಂದು ಬೈಗುಳವನ್ನೂ ಬೈಯದೆ ಬಂದ ಗಂಡನ ಮೇಲೂ ಅಷ್ಟೇ ಅಸಹ್ಯವಾಯಿತು.

ತಿಪಟೂರಿನ ಬಾಡಿಗೆ ಮನೆ ಬಿಟ್ಟು ಕೆಂಕೆರೆ ಹತ್ತಿರದ ತಮ್ಮ ಹಟ್ಟಿಗೆ ಬಂದರು. ಓಬಳೇಶನ ಅಪ್ಪ ಕ್ಯಾತಪ್ಪ ಹತ್ತು ಕುರಿ ಮಾರಿ ಜ್ಯಾಕು, ಸ್ಪ್ಯಾನರ್ ಸೆಟ್ಟು ಕೊಡಿಸಿದ. ಕ್ಯಾತಪ್ಪನಿಗೆ ಕಾರಿನ ವಿಷಯ ಏನೂ ಗೊತ್ತಿಲ್ಲ. ಕುರಿ ಕಾಲು ಮುರಿದ್ರೆ ದಬ್ಬೆ ಕಟ್ಟಲ್ವಾ, ಅಂಥದ್ದೇ ಬುಡು ಅಂದ.

ಹುಳಿಯಾರು ರಸ್ತೆಯಿಂದ ಊರಿಗೆ ತಿರುಗುವ ಗೇಟಿನಲ್ಲಿ, ಗಂಗಾಧರಯ್ಯನ ತೆಂಗಿನ ತೋಟದ ಮೂಲೆಗೆ ಶೀಟು ಹೊದಿಸಿ ಷೆಡ್ಡು ಹಾಕಿದರು. ಗಂಗಾಧರಯ್ಯ ಆ ಕಡೆಗೆಲ್ಲ ದೊಡ್ಡ ಕುಳ. ಬಾಡಿಗೆ ಬೇಡ, ನನ್ನ ಕಾರು ನೋಡ್ಕಳ್ಲಾ ಸಾಕು ಅಂದಿದ್ದ. ಧರ್ಮಾತ್ಮ ಅಂತ ಊರೆಲ್ಲ ಅಂದರು. ಆ ಧರ್ಮಾತ್ಮನ ಕಾರಿಗೆ ವಾರಕ್ಕೆ ಎರಡು ಸಲ ಏನಾದರೂ ಒಂದು ಆಗುತ್ತಿತ್ತು. ಹಿಂದಿನ ಸೀಟು ಮಡಚಿ ಕೊಬ್ಬರಿ ಮೂಟೆ ತುಂಬುತ್ತಿದ್ದ. ಕಾರು ಅಂದ್ರೆ ಅವನಿಗೆ ಕಿಟಕಿ ಇರೋ ಗಾಡಿ, ಅಷ್ಟೇ. ಓಬಳೇಶ ಅವನ ಮನೆಗೆ ಹೋದರೆ ಜಗಲಿ ದಾಟುತ್ತಿರಲಿಲ್ಲ. ಕಾರಿನ ಕೀಯನ್ನು ಜಗಲಿ ಅಂಚಿನಲ್ಲಿ ಇಡುತ್ತಿದ್ದರು, ಎತ್ತಿಕೊಳ್ಳುತ್ತಿದ್ದ.

ಬೋರ್ಡು ಬರೆದದ್ದು ವನಜಾ. 'ಓಬಳೇಶ್ ಕಾರ್ ರಿಪೇರಿ'. ನಾಲ್ಕನೇ ಕ್ಲಾಸಿಗೆ ಬಿಟ್ಟ ಕೈ. ಕೊನೇ ಅಕ್ಷರಗಳಿಗೆ ಜಾಗ ಸಾಲದೆ ಒಂದರ ಮೇಲೊಂದು ಕೂತವು.

ತೆಂಗಿನ ಮರಕ್ಕೆ ಕಣ್ಣಿದೆ, ಮನುಷ್ಯರ ತಲೆ ಮೇಲೆ ಬೀಳಲ್ಲ ಅಂತಾರೆ. ಕಾರಿನ ಮೇಲೆ ಬೀಳುತ್ತೆ. ಮೊದಲ ತಿಂಗಳು ಬಂದಿದ್ದೆಲ್ಲ ಕಾಯಿ ಬಿದ್ದು ತಗ್ಗಾದ ಬಾನೆಟ್ಟುಗಳೇ. ಆಮೇಲೆ ಎಂಜಿನ್ ಕೆಲಸ ಬಂತು. ಆ ದಂಡಿನಶಿವರದ ಮೇಷ್ಟ್ರೂ ವಿಚಾರಿಸಿಕೊಂಡು ಬಂದರು. ಓಬಳೇಶ ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಕಾರಿನವರ ಕೈಗೇ ಕೊಡುತ್ತಿದ್ದ. ನೋಡ್ಕಳಿ, ಇದು ಹೋಗಿತ್ತು ಅನ್ನುತ್ತಿದ್ದ. ಅದರಿಂದಲೇ ಹೆಸರು ಬಂತು. ಓಬಳೇಶ ಹಾಕಿದೀನಿ ಅಂದ್ರೆ ಹಾಕವ್ನೆ ಅನ್ನುವ ಹೆಸರು. ಆ ಷೆಡ್ಡಿನಲ್ಲಿದ್ದ ಬಂಡವಾಳ ಅದೊಂದೇ.

ರಸ್ತೆಯ ಆ ಕಡೆ ರಾಜಣ್ಣನ ಟೀ ಅಂಗಡಿ. ಅವನ ಷಟರು ಬೆಳಗಿನ ಜಾವ ಮೇಲೇಳುವಾಗ ಕೊರಳು ಕುಯ್ದ ಮರಿ ಥರ ಕಿರುಚುತ್ತಿತ್ತು. ಒಂದಿನ ಗ್ರೀಸ್ ಹಚ್ಚಿಕೊಡ್ತೀನಿ ಕಣ್ಲಾ ರಾಜಣ್ಣ ಅಂತ ಓಬಳೇಶ ಹೇಳುತ್ತಲೇ ಇದ್ದ. ಕೆಲಸದ ಗದ್ದಲದಲ್ಲಿ ಆಗಲಿಲ್ಲ.

ಎರಡನೇ ವರ್ಷದ ಮಾರ್ಗಶಿರ. ಹಟ್ಟಿಯಲ್ಲಿ ದೇವರ ಕೆಲಸವಿತ್ತು. ಎರಡು ದಿನ ಷೆಡ್ಡು ಬಾಗಿಲು ಹಾಕಿತ್ತು. ಮೂರನೇ ದಿನ ಬೆಳಗ್ಗೆ ಗಂಗಾಧರಯ್ಯ ಕೊಬ್ಬರಿ ಹರಾಜಿಗೆ ಅಂತ ಮೂಟೆ ತುಂಬಿಕೊಂಡು ತಿಪಟೂರಿಗೆ ಹೊರಟ. ಮೊದಲನೇ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಾರು ಸೀದಾ ಹೋಗಿ ರಸ್ತೆ ಬದಿಯ ಕಾಯಿ ಸಿಪ್ಪೆಯ ಗುಡ್ಡೆಗೆ ನುಗ್ಗಿತು. ಸಿಪ್ಪೆ ಇದ್ದದ್ದಕ್ಕೆ ಉಳಿದ. ಬಲಗೈ ಮೂಳೆ ಮುರಿಯಿತು. ಕೊಬ್ಬರಿ ರಸ್ತೆ ತುಂಬ ಉರುಳಿತು, ಹೋಗಿ ಬರುವವರು ಪಂಚೆಗೆ ತುಂಬಿಕೊಂಡರು.

ಮಧ್ಯಾಹ್ನ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಕಾರು ತಂದು ಷೆಡ್ಡಿನ ಮುಂದೆ ಬಿಟ್ಟರು. ಅಷ್ಟರಲ್ಲಿ ರಾಜಣ್ಣನ ಅಂಗಡಿಯಲ್ಲಿ ಮಾತು ಮುಗಿದೇ ಹೋಗಿತ್ತು. ಓಬಳೇಶ ಬ್ರೇಕು ಕೆಡಿಸವ್ನೆ, ಜಾಗ ಕೊಟ್ಟವನನ್ನೇ ಸಾಯಿಸೋಕೆ ನೋಡವ್ನೆ ಅಂತ ಗಂಗಾಧರಯ್ಯ ಆಸ್ಪತ್ರೆಗೆ ಹೋಗುವ ಮೊದಲು ಅಲ್ಲಿ ಕೂತು ಹೇಳಿ ಹೋಗಿದ್ದ. ಮುರಿದ ಕೈಗಿಂತ ಮೊದಲು ಬಾಯಿಗೆ ಕೆಲಸ ಕೊಟ್ಟಿದ್ದ.

ಮಾರನೇ ದಿನ ಹೊತ್ತು ಹುಟ್ಟೋಕೆ ಮುಂಚೆ ಓಬಳೇಶ ಷೆಡ್ಡಿಗೆ ಹೋದ. ವನಜಾನೂ ಹೋದಳು. ಮೈ ಕೊರೆಯುವ ಚಳಿ. ಗಂಗಾಧರಯ್ಯ ಕೈಗೆ ಕಟ್ಟು ಹಾಕಿಸಿಕೊಂಡು ಮಫ್ಲರ್ ಸುತ್ತಿಕೊಂಡು ಬಂದು ನಿಂತಿದ್ದ, ತಪ್ಪು ಹಿಡಿಯೋಕೆ. ಓಬಳೇಶ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬೆಳ್ಳಗೆ, ಬೆಣ್ಣೆ ಥರ ಹೆಪ್ಪುಗಟ್ಟಿತ್ತು. ಬೆರಳಲ್ಲಿ ತೆಗೆದು ಮೂಸಿದ. ವನಜಾಗೂ ವಾಸನೆ ಬಡಿಯಿತು. ಮೂಸಿ ನೋಡಬೇಕಾಗೇ ಇರಲಿಲ್ಲ, ಹುಟ್ಟಿದಾಗಿನಿಂದ ತಲೆಗೆ ಹಚ್ಚಿಕೊಂಡ ವಾಸನೆ.

ಗಂಗಾಧರಯ್ಯ ಎಲ್ಲಾದಕ್ಕೂ ಕೊಬ್ಬರಿ ಎಣ್ಣೆ ಹಾಕುವವನು. ಮಂಡಿ ನೋವಿಗೆ, ಕರುವಿನ ಗಾಯಕ್ಕೆ, ಗೇಟಿನ ತಿರುಗಣಿಗೆ, ಪಂಪ್‌ಸೆಟ್ಟಿನ ನಟ್ಟಿಗೆ. ಸ್ವಂತ ತೋಟದ ಕಾಯಿ, ಗಾಣದಲ್ಲಿ ಆಡಿಸಿದ್ದು. ಕಾರಿನ ಡಿಕ್ಕಿಯಲ್ಲೂ ಒಂದು ಕ್ಯಾನು ಇರುತ್ತಿತ್ತು.

"ಯಜಮಾನ್ರೆ, ಇದನ್ನ ಯಾರು ಹಾಕಿದ್ದು?"

ಮುದುಕ ಡಬ್ಬಿ ನೋಡಿದ. ರಸ್ತೆ ನೋಡಿದ.

"ಬ್ರೇಕಿನ ಕೆಂಪು ದೀಪ ಹತ್ತಿತ್ತು ಕಣ್ಲಾ. ನಿನ್ನ ಷೆಡ್ಡು ನೋಡಿದ್ರೆ ಬಾಗ್ಲು. ತಳದಾಗೆ ಒಂಚೂರಿತ್ತು, ತುಂಬಿಸ್ದೆ. ಗಾಣದ ಎಣ್ಣೆ, ಒಂದು ತೊಟ್ಟು ಕಲಬೆರಕೆ ಇಲ್ಲ."

ಓಬಳೇಶ ಜೋರು ಮಾಡಲಿಲ್ಲ. ಈ ಎಣ್ಣೆಗೆ ಬ್ರೇಕಿನ ರಬ್ಬರು ಉಬ್ಬಿ ಹಾಳಾಗುತ್ತೆ, ಚಳಿಗೆ ಇದು ಗಟ್ಟಿಯಾಗುತ್ತೆ, ಬ್ರೇಕ್ ಆಯಿಲ್ ಯಾವ ಚಳಿಗೂ ಗಟ್ಟಿಯಾಗಲ್ಲ ಅಂತ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಸಿರಿಂಜಿನ ಬಾಯಿಗೆ ಅದು ಬರಲಿಲ್ಲ. ಚಮಚದಲ್ಲಿ ಕೆರೆದು, ಅಲ್ಲೇ ಬಿದ್ದಿದ್ದ ಒಂದು ಕ್ವಾರ್ಟರ್ ಬಾಟ್ಲಿಗೆ ತುಂಬಿದ.

ಆಗ ಮುದುಕನ ದನಿ ಇಳಿಯಿತು. ಮಗ ರವೀಂದ್ರ ಆಗಲೇ, ನಿನಗೆ ವಯಸ್ಸಾಯ್ತು, ಕಾರಿನ ಕೀ ಕೊಡು, ತೋಟದ ಯಜಮಾನಿಕೆ ಕೊಡು ಅಂತ ಕೂತಿದ್ದಾನಂತೆ. ಬ್ರೇಕಿಗೆ ಕೊಬ್ಬರಿ ಎಣ್ಣೆ ಹೊಯ್ದಿದ್ದು ಗೊತ್ತಾದರೆ ಮೂಲೆಗೆ ಕೂರಿಸ್ತಾನಂತೆ.

"ನನ್ನ ಮಾನ ಉಳ್ಸು ಓಬ್ಳ. ನಿನ್ನ ಮೇಲಿನ ಮಾತು ನಾನೇ ತೆಗೀತೀನಿ. ನಾಳೆ ರಾಜಣ್ಣನ ಅಂಗಡೀಲಿ ಕೂತು ನಾನೇ ಹೇಳ್ತೀನಿ."

ಓಬಳೇಶ ಆಗಲಿ ಅಂದ. ಬಾಟ್ಲಿಯನ್ನು ಷೆಡ್ಡಿನ ತೊಲೆ ಮೇಲೆ ಇಟ್ಟ.

ನಾಳೆ ಬಂತು. ಮುದುಕ ರಾಜಣ್ಣನ ಅಂಗಡಿಯಲ್ಲಿ ಕೂತು ಎಡಗೈಯಲ್ಲಿ ಟೀ ಕುಡಿದ, ಎದ್ದು ಹೋದ. ಆಚೆ ನಾಳೆನೂ ಕುಡಿದ. ಓಬಳೇಶ ಷೆಡ್ಡಿನಲ್ಲಿ ನಿಂತು ನೋಡುತ್ತಿದ್ದ. ಸಂಕ್ರಾಂತಿ ಕಳೆಯಿತು. ಕಾರುಗಳು ಬರುವುದು ನಿಂತಿತು. ಓಬಳೇಶನ ಷೆಡ್ಡಿಗೆ ಕಾರು ಬಿಡೋದಾದ್ರೆ ಸಿಪ್ಪೆ ಗುಡ್ಡೆ ಎಲ್ಲೈತೆ ನೋಡ್ಕಂಡು ಬಿಡಿ ಅಂತ ಟೀ ಅಂಗಡಿಯಲ್ಲಿ ಒಬ್ಬ ಅಂದಿದ್ದು ಗೇಟಿನ ತುಂಬ ಗಾದೆಯಾಯಿತು. ಕೇಳಿದವರು ನಕ್ಕರು, ನಕ್ಕವರು ಚಿಕ್ಕನಾಯಕನಹಳ್ಳಿಗೆ ಹೋಗಿ ಕಾರು ರಿಪೇರಿ ಮಾಡಿಸಿದರು.

ನಾನು ಹೋಗಿ ಬಾಟ್ಲಿ ತೋರಿಸ್ತೀನಿ ಅಂದಳು ವನಜಾ. ಬೇಡ ಅಂದ.

"ಮುದುಕ ಕಣೇ. ಮಗನ ಮುಂದೆ ಚಿಕ್ಕೋನಾಗ್ತಾನೆ. ಹೇಳ್ತೀನಿ ಅಂದವ್ನಲ್ಲ, ಹೇಳ್ತಾನೆ."

"ಹೇಳಬಾರದ ಕಡೆ ಹೇಳಿ ಕೆಲಸ ಕಳ್ಕಂಡೆ. ಹೇಳಬೇಕಾದ ಕಡೆ ಬಾಯಿಗೆ ಬೀಗ ಹಾಕ್ಕಂಡಿದೀಯ. ನಿನ್ನಂಥೋನ್ನ ಕಟ್ಕಂಡು ನಾನು ಯಾವ ದೇವರಿಗೆ ಕೈ ಮುಗೀಲಿ?"

ಅವನು ಬೈಸಿಕೊಂಡ. ಬ್ಯಾಗಿಗೆ ಸ್ಪ್ಯಾನರು ತುಂಬಿಕೊಂಡು, ಹಳೇ ಬೈಕಿನಲ್ಲಿ ದೂರದ ಊರುಗಳಿಗೆ ಹೋಗಿ ಮನೆ ಮುಂದೆಯೇ ರಿಪೇರಿ ಮಾಡಿಕೊಟ್ಟು ಬರತೊಡಗಿದ. ತನ್ನ ಹೆಸರು ಕೆಟ್ಟ ಕಡೆ ಅನ್ನವಿಲ್ಲ, ಕೆಡದ ಕಡೆ ಹುಡುಕಿಕೊಂಡು ಹೋಗಬೇಕು. ತುರುವೇಕೆರೆ ಕಡೆ ಇನ್ನೂ ಕರೆಯುತ್ತಿದ್ದರು. ಹಾಗೆ ವರ್ಷ ಕಳೆಯಿತು. ದಿನವೂ ಷೆಡ್ಡಿನ ಬಾಗಿಲು ತೆಗೆದು, ಕಸ ಗುಡಿಸಿ, ಆ ಕಡೆ ಒಂದು ಸಲ ನೋಡಿ ಹೊರಡುತ್ತಿದ್ದ. ಇವತ್ತು ಹೇಳಿರ್ತಾನೆ ಅನ್ನುವ ಹಾಗೆ. ಆ ನೋಟ ವನಜಾಗೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ಕಾದು ಕೂತ ನಾಯಿ ನೋಟ.

ಕಾರ್ತೀಕ ಕಳೆದ ಮೇಲೆ ಒಂದು ದಿನ ದಂಡಿನಶಿವರಕ್ಕೆ ಹೋದ. ಅದೇ ಮೇಷ್ಟ್ರ ಮನೆಗೆ. ಕಾರಿನ ಕೆಳಗಿಂದ ಎದ್ದು ಬಂದು ತೆಂಗಿನ ಮರಕ್ಕೆ ಒರಗಿ ಕೂತು ನೀರು ಕೇಳಿದನಂತೆ. ಮೇಷ್ಟ್ರ ಹೆಂಡತಿ ನೀರು ತರುವಷ್ಟರಲ್ಲಿ ಇರಲಿಲ್ಲ. ನಲವತ್ನಾಲ್ಕು ವರ್ಷ. ಎದೆ ನಿಂತಿದೆ ಅಂದರು ಡಾಕ್ಟರು.

ಅವತ್ತು ಹಾಕಿದ್ದ ಅಂಗಿಯನ್ನು ವನಜಾ ಒಗೆಯಲಿಲ್ಲ. ಹದಿನೈದು ವರ್ಷ ಆ ಗ್ರೀಸಿನ ಕಲೆ ಹೋಗಲ್ಲ ಅಂತ ಕಲ್ಲಿಗೆ ಬಡಿದು ಬೈದಿದ್ದಳು. ಈಗ ಹೋಗುತ್ತೆ ಅನ್ನುವ ಹೆದರಿಕೆ.

ಹನ್ನೊಂದನೇ ದಿನದ ತಿಥಿಗೆ ಗಂಗಾಧರಯ್ಯ ಹಟ್ಟಿಗೆ ಬಂದ. ಊಟಕ್ಕೆ ಕೂರಲಿಲ್ಲ, ಅವರು ಹಟ್ಟಿಯಲ್ಲಿ ಉಣ್ಣುವುದಿಲ್ಲ. ಒಂದು ಬಾಳೆಹಣ್ಣು ಇಸಿದುಕೊಂಡ. ಸುಲಿಯುತ್ತಾ ಅಂದ:

"ಬಂಗಾರದಂಥ ಮನುಷ್ಯ ಕಣಮ್ಮ. ಅವನ ಕೈಗೆ ಕಾರು ಕೊಟ್ರೆ ಕಣ್ಣು ಮುಚ್ಕಂಡು ಕೂತ್ಕಬೋದಿತ್ತು."

ಪಕ್ಕದಲ್ಲಿದ್ದವರು ಹೌದು ಹೌದು ಅಂದರು. ಸಿಪ್ಪೆ ಗುಡ್ಡೆಯ ಮಾತಾಡಿದವನೂ ಅಲ್ಲೇ ಎಲೆ ಮುಂದೆ ಕೂತು ಪಾಯಸ ಸುರಿದುಕೊಳ್ಳುತ್ತಿದ್ದ. ಬಡಿಸುತ್ತಿದ್ದ ವನಜಾಳ ಸೌಟು ಕೈಯಲ್ಲೇ ನಿಂತಿತು. ಹಣ್ಣು ತಿಂದು ಸಿಪ್ಪೆಯನ್ನು ಅಂಗಳಕ್ಕೆ ಎಸೆದು, ಹೊರಡುವಾಗ ಗಂಗಾಧರಯ್ಯ ಮೆಲ್ಲಗೆ ಕೇಳಿದ, ಷೆಡ್ಡಿನ ಸಾಮಾನು ಯಾವಾಗ ತೆಗೀತೀಯಮ್ಮ, ರವೀಂದ್ರ ಅಲ್ಲಿ ಎಳನೀರು ಅಂಗಡಿ ಮಾಡಬೇಕು ಅಂತವ್ನೆ.

ಮಾರನೇ ದಿನ ಜಾವಕ್ಕೇ ಎದ್ದು ಒಬ್ಬಳೇ ಷೆಡ್ಡಿಗೆ ಹೋದಳು. ಸ್ಟೂಲು ಹತ್ತಿ ತೊಲೆ ಮೇಲೆ ಕೈ ಹಾಕಿದಳು. ಬಾಟ್ಲಿ ಇತ್ತು, ಮೇಲೆಲ್ಲ ಧೂಳು. ಸೆರಗಲ್ಲಿ ಒರೆಸಿದಳು. ಬೇಸಿಗೆಯಲ್ಲಿ ಕರಗಿ, ಈಗ ಮತ್ತೆ ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು. ಹೋದ ವರ್ಷ ಅವನು ಕೆರೆದು ತುಂಬಿದಾಗ ಇದ್ದ ಹಾಗೇ.

ರಾಜಣ್ಣನ ಷಟರು ಕಿರುಚಿದ ಮೇಲೆ ಸ್ವಲ್ಪ ಹೊತ್ತು ಕಾದಳು. ಜನ ಸೇರಲಿ ಅಂತ. ಏಳೆಂಟು ಜನ ಆದರು. ಗಂಗಾಧರಯ್ಯನೂ ಬಂದು ಬೆಂಚಿನ ಮೇಲೆ ಕೂತ. ವನಜಾ ರಸ್ತೆ ದಾಟಿ ಹೋಗಿ ಬಾಟ್ಲಿಯನ್ನು ಟೀ ಲೋಟಗಳ ಮಧ್ಯೆ ಇಟ್ಟಳು.

"ಇದು ಯಜಮಾನರ ಗಾಣದ ಎಣ್ಣೆ. ಬ್ರೇಕಿನ ಡಬ್ಬಿಗೆ ಅವರೇ ಹೊಯ್ಕಂಡಿದ್ದು. ನನ್ನ ಗಂಡ ಕೆಡಿಸಲಿಲ್ಲ. ಇವರ ಮಾನ ಉಳಿಸೋಕೆ ಬಾಯಿ ಮುಚ್ಕಂಡಿದ್ದು ಸತ್ತ. ಹೇಳಿ ಯಜಮಾನ್ರೆ, ನಾಳೆ ಹೇಳ್ತೀನಿ ಅಂದಿದ್ರಲ್ಲ."

ಗಂಗಾಧರಯ್ಯ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಟೀ ಅರ್ಧಕ್ಕೇ ಬಿಟ್ಟು, ಚಳಿ ಜಾಸ್ತಿ ಆಯ್ತು ಅಂತ ಎದ್ದು ತೋಟದ ಕಡೆ ಹೋದ. ಯಾರೂ ತಡೆಯಲಿಲ್ಲ.

ವನಜಾ ಉಳಿದವರ ಮುಖ ನೋಡಿದಳು. ಬೆಚ್ಚಿ ಬೀಳುತ್ತಾರೆ ಅಂದುಕೊಂಡಿದ್ದಳು. ಒಬ್ಬನೂ ಬೀಳಲಿಲ್ಲ. ಒಬ್ಬ ಬೀಡಿ ಹಚ್ಚಿದ. ರಾಜಣ್ಣ ಹಾಲಿನ ಪಾತ್ರೆ ತಿರುವುತ್ತಾ ಅಂದ:

"ಅದು ನಮ್ಗೆ ಹೋದ ವರ್ಷವೇ ಗೊತ್ತಿತ್ತು ಕಣಮ್ಮ. ರವೀಂದ್ರನೇ ಹೇಳ್ದ, ಡಿಕ್ಕೀಲಿ ಕ್ಯಾನು ಖಾಲಿಯಾಗಿತ್ತಂತೆ. ಹೇಳ್ಕಂಡು ಬಿದ್ದು ಬಿದ್ದು ನಗ್ತಿದ್ದ."

"ಗೊತ್ತಿದ್ದೂ?"

"ದೊಡ್ಡೋರ ಇಸ್ಯ. ನಮ್ಗ್ಯಾಕೆ?"

ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ, ಮಗನಿಗೆ, ಟೀ ಕಾಸುವವನಿಗೆ, ಟೀ ಕುಡಿಯುವವರಿಗೆ. ಗೊತ್ತಿದ್ದೇ ಚಿಕ್ಕನಾಯಕನಹಳ್ಳಿಗೆ ಹೋಗಿದ್ದರು. ಮಾನ ಉಳಿಸಿದ್ದೀನಿ ಅಂದುಕೊಂಡು ದಿನಾ ಈ ಕಡೆ ನೋಡಿ ಬೈಕ್ ಹತ್ತುತ್ತಿದ್ದವನಿಗೆ ಒಬ್ಬನಿಗೇ, ಎಲ್ಲರಿಗೂ ಗೊತ್ತು ಅನ್ನೋದು ಗೊತ್ತಿರಲಿಲ್ಲ.

ರಾಜಣ್ಣ ಒಂದು ಲೋಟ ಟೀ ಮುಂದಿಟ್ಟ. ಕುಡಿಯಮ್ಮ, ಕಾಸು ಬೇಡ ಅಂದ. ವನಜಾ ಅವನ ಅಂಗಡಿ ಮುಂದೆ ಉಗಿದು ರಸ್ತೆ ದಾಟಿದಳು. ಬಾಟ್ಲಿ ತೆಗೆದುಕೊಳ್ಳಲಿಲ್ಲ. ಅದನ್ನು ಮುಟ್ಟಲು ಕೈ ಬರಲಿಲ್ಲ.

ಎರಡು ದಿನ ಬಿಟ್ಟು ಸಾಮಾನು ತುಂಬೋಕೆ ಮಾವ ಕ್ಯಾತಪ್ಪನ ಜೊತೆ ಜಾವದಲ್ಲೇ ಬಂದಳು. ಬೋರ್ಡು ಇಳಿಸುತ್ತಿರುವಾಗ ರಾಜಣ್ಣ ಅಂಗಡಿ ತೆಗೆದ. ಬೆಂಚಿನ ಕೆಳಗೆ ಆ ಕ್ವಾರ್ಟರ್ ಬಾಟ್ಲಿ ಬಿದ್ದಿತ್ತು, ಖಾಲಿ. ಷಟರಿನ ಎರಡೂ ಪಕ್ಕದ ಕಬ್ಬಿಣ ಎಣ್ಣೆ ಹಚ್ಚಿ ಮಿರಮಿರ ಅನ್ನುತ್ತಿತ್ತು.

ಅವತ್ತಿನಿಂದ ಆ ಷಟರು ಕಿರುಚಲ್ಲ.