ನಾಲ್ಕು ಸಾಲು ಪರದೇಶದ ಜೋಳ

ಕೂತಲ್ಲಿ ಕೂಡುವ ಜಾಯಮಾನ ನನ್ನದಲ್ಲ. ನರಗುಂದದ ಮನೆಯಲ್ಲಿ ತಾಯಿ ನನ್ನನ್ನು ಬಾಲ ಸುಟ್ಟ ಬೆಕ್ಕು ಎಂದೇ ಕರೆಯುತ್ತಿದ್ದಳು. ಅಂಥವನನ್ನು ಸರಕಾರ ಗ್ರಾಮಸೇವಕನನ್ನಾಗಿ ಮಾಡಿ, ರೋಣದ ಸುತ್ತಲಿನ ಹಳ್ಳಿಗಳನ್ನು ಸೈಕಲ್ ಮೇಲೆ ಸುತ್ತು ಎಂದಿತು. ಏಕೀಕರಣವಾಗಿ ಒಂದು ವರ್ಷ ಕಳೆದಿತ್ತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ನನ್ನ ನೌಕರಿ ಮಾತ್ರ ಕಾಯಂ ಆಗಿರಲಿಲ್ಲ. ಟಪಾಲು ಬಂದಾಗಲೆಲ್ಲ ಕೆಲಸದಿಂದ ತೆಗೆದ ಕಾಗದವಿದೆಯೇ ಎಂದು ಮೊದಲು ಹುಡುಕುತ್ತಿದ್ದೆ.

ಆ ವರ್ಷ ಹಿಂಗಾರಿಗೆ ಮುಂಚೆ ಪರದೇಶದಿಂದ ಜೋಳದ ಬೀಜ ಬಂತು. ಎರಡು ದೇಶಗಳು ಕೂಡಿ ನಮ್ಮ ಬೇಸಾಯವನ್ನು ಸುಧಾರಿಸುವುದೆಂದು ಒಪ್ಪಂದವಾಗಿತ್ತಂತೆ. ಒಪ್ಪಂದ ದೊಡ್ಡದು, ಆದರೆ ನನ್ನ ಕೈಗೆ ಸಿಕ್ಕ ಬೀಜ ಎರಡು ಬೊಗಸೆಯಷ್ಟು. ಒಬ್ಬ ರೈತನ ಹೊಲದಲ್ಲಿ ನಾಲ್ಕು ಸಾಲು ಬಿತ್ತಿಸಬೇಕು, ಪಕ್ಕದ ನಾಲ್ಕು ಸಾಲಿನಲ್ಲಿ ನಮ್ಮ ಜೋಳವಿರಬೇಕು, ಸುಗ್ಗಿಯಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ವರದಿ ಕಳಿಸಬೇಕು. ಫಸಲು ಚಲೋ ಬಂದರೆ ಮರುವರ್ಷ ಚೀಲಗಟ್ಟಲೆ ಬೀಜ ಆ ರೈತನ ಮನೆಗೇ ಬರುತ್ತದೆ, ಊರಿಗೆಲ್ಲ ಅಲ್ಲಿಂದಲೇ ಹಂಚಿಕೆ.

ಗಂಡಸರು ಯಾರೂ ಮುಂದೆ ಬರಲಿಲ್ಲ. ಅಸೂಟಿ ಎಂಬ ಹಳ್ಳಿಯ ಒಬ್ಬ ವಿಧವೆ ಬಂದಳು. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾನೇ ಮಾಡಿಸುತ್ತಿದ್ದಳು. ಅವಳ ಮೈದುನನಿಗೆ ಅದು ಹೊಟ್ಟೆಯುರಿ. ಹೆಂಗಸಿನ ಕೈಯಲ್ಲಿ ಹೊಲ ಹಾಳಾಗುತ್ತದೆ, ತನಗೆ ಕೊಡಿಸಿರಿ ಎಂದು ಹಿರಿಯರ ಮುಂದೆ ಗೋಗರೆದಿದ್ದ. ಹಿರಿಯರು ಎರಡು ಸುಗ್ಗಿ ನೋಡೋಣ ಎಂದಿದ್ದರು. ಇದು ಎರಡನೆಯದು.

"ತಮ್ಮಾ, ಈ ಬೀಜ ಗೆದ್ರ ನಾನೂ ಗೆದ್ದಂಗ," ಎಂದು ಅವಳು ಬೀಜವನ್ನು ಸೆರಗಿನಲ್ಲಿ ಹಿಡಿದುಕೊಂಡಳು. "ಊರಾಗಿನ ಮಂದಿ ಬೀಜಕ್ಕ ನನ್ನ ಮನಿ ಕಟ್ಟಿಗೆ ಬಂದು ಕುಂಡ್ರತಾರ. ಆಮ್ಯಾಲ ಹೊಲ ಬಿಡು ಅಂತ ಯಾರ ಅಂತಾರ?"

ಬೆಳೆ ಎದ್ದಿತು. ದಂಟು ಗಿಡ್ಡ, ತೆನೆ ಮಾತ್ರ ಕೈತುಂಬ. ನಾಲ್ಕು ಮೂಲೆಗೂ ಸುಣ್ಣ ಬಳಿದ ಗೂಟ ಹೊಡೆದಿದ್ದೆ. ಎರಡು ದಿನಕ್ಕೊಮ್ಮೆ ಸೈಕಲ್ ತುಳಿದು ಹೋಗಿ ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅವಳು ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದಳು. ಒಂದು ಗುಬ್ಬಿ ಕೂಡ ಆ ಸಾಲಿಗೆ ಬಾಯಿ ಹಾಕಿದ್ದನ್ನು ನಾನು ಕಂಡಿಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಪರದೇಶದ ತಜ್ಞರೊಬ್ಬರು ಬೆಳೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ರೋಣದ ನಮ್ಮ ಸಾಹೇಬರು ಅಂದು ಗದಗಿಗೆ ಹೋಗಬೇಕಾಗಿತ್ತು. "ನೀನೇ ಕರಕೊಂಡು ಹೋಗು. ಏನರ ಹೆಚ್ಚುಕಡಿಮಿ ಆತಂದ್ರ ನಿನ್ನ ನೌಕರಿ ನೀನ ನೋಡ್ಕೊ," ಎಂದರು. ಹಿಂದಿನ ದಿನವೇ ಹೋಗಿ ಅವಳಿಗೆ ಹೇಳಿದೆ, "ಅಕ್ಕಾರ, ನಾಳೆ ಸಾಹೇಬ್ರು ಬರ್ತಾರ. ಚಂದಂಗ ನೋಡ್ಕೋರಿ." ಇಷ್ಟೇ ಹೇಳಿದೆ. ಆ ಮಾತನ್ನು ಬಿಡಿಸಿ ಹೇಳದಿದ್ದುದು ನನ್ನ ತಪ್ಪು.

ಮರುದಿನ ತಜ್ಞರೊಡನೆ ಜೀಪಿನಿಂದಿಳಿದು ಬದುವಿನ ಮೇಲೆ ನಡೆಯುವಾಗಲೇ ಸಗಣಿ ಕುಳ್ಳಿನ ಹೊಗೆ, ಸುಟ್ಟ ಹಸಿ ತೆನೆಯ ವಾಸನೆ ಮೂಗಿಗೆ ಬಡಿಯಿತು. ಅರ್ಧ ಊರೇ ಅಲ್ಲಿ ಸೇರಿತ್ತು. ಅವಳು ಕಂಬಳಿ ಹಾಸಿ, ಕೆಂಡದಲ್ಲಿ ತೆನೆ ಸುಟ್ಟು, ಬಡಿದು, ಊದಿ, ಸೀತನಿಯ ರಾಶಿ ಮಾಡಿಟ್ಟಿದ್ದಳು. ಪಕ್ಕದಲ್ಲಿ ಶೇಂಗಾ ಹಿಂಡಿ, ಬೆಲ್ಲ, ಗಡಿಗೆ ಮೊಸರು. ನಾನು ಗೂಟಗಳ ಕಡೆ ನೋಡಿದೆ. ನಾಲ್ಕೂ ಸಾಲುಗಳಲ್ಲಿ ಬರೇ ದಂಟು ನಿಂತಿತ್ತು.

"ಅಕ್ಕಾರ, ಏನ್ ಮಾಡಿಬಿಟ್ರಿ!" ಎಂದೆ.

"ಯಾಕ ತಮ್ಮಾ? ಹೊಲಕ್ಕ ಬಂದವ್ರಿಗೆ ಹೊಲದಾಗಿನ ಚಲೋ ತೆನಿ ಕೊಡೂದು ಬಿಟ್ಟು ಜೊಳ್ಳು ತೆನಿ ಕೊಡ್ಲೇನು? ಅವರ ಬೀಜ. ಮೊದಲನೇ ತುತ್ತು ಅವರದ," ಎಂದಳು. ಸೀತನಿ ಸುಡುವಾಗ ಹೊಲದೊಳಗೆ ಕಾಲಿಟ್ಟ ಯಾರನ್ನೂ ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಪರದೇಶದವನನ್ನು ನೋಡಲು ಬಂದವರಿಗೆಲ್ಲ ಅವಳು ಬೊಗಸೆ ಬೊಗಸೆ ಹಾಕಿದ್ದಳು. ಮೈದುನನೂ ಕಂಬಳಿಯ ತುದಿಯಲ್ಲಿ ಕೂತು ಮೊಸರು ಕಲಸಿಕೊಂಡು ಮೆಲ್ಲುತ್ತಿದ್ದ.

ತಜ್ಞರು ಉದ್ದನೆಯ ಕಾಲು ಮಡಚಿಕೊಂಡು ಕಂಬಳಿಯ ಮೇಲೆ ಕೂತರು. ತಿಂದರು, ಮತ್ತೆ ಕೇಳಿ ಹಾಕಿಸಿಕೊಂಡರು. ನನಗೆ ತಿನ್ನಲೂ ಆಗದು, ಕೂಡಲೂ ಆಗದು. ಅವಳು ನನ್ನ ಮೂಲಕ ಅವರಿಗೊಂದು ಪ್ರಶ್ನೆ ಹಾಕಿದಳು: "ತೆನಿ ಏನೋ ಚಲೋ ಐತ್ರಿ. ದಂಟು ಇಷ್ಟ ಗಿಡ್ಡ ಆದ್ರ ದನಕ್ಕ ಕಣಿಕಿ ಎಲ್ಲಿಂದ ತರೂದು?" ನನ್ನ ಅರೆಬರೆ ಇಂಗ್ಲಿಷಿನಲ್ಲಿ ಅದನ್ನು ಹೇಳಿದೆ. ಅವರು ಎದ್ದು ಹೋಗಿ ಎರಡೂ ಜೋಳದ ದಂಟನ್ನು ಅಳತೆಪಟ್ಟಿ ಹಿಡಿದು ಅಳೆದರು, ಬರೆದುಕೊಂಡರು. ಇಷ್ಟು ದಿನದಲ್ಲಿ ಈ ಪ್ರಶ್ನೆ ಯಾರೂ ತಮಗೆ ಕೇಳಿರಲಿಲ್ಲವೆಂದರು.

ತಿರುಗಿ ಬರುವಾಗ ಜೀಪಿನಲ್ಲಿ ಅವರೇ ಮಾತು ತೆಗೆದರು. ತಾವು ತಿಂದದ್ದು ಯಾವ ಸಾಲಿನದೆಂದು ಅವರಿಗೆ ಗೊತ್ತಾಗಿತ್ತು. ನಕ್ಕು, ಇದ್ದದ್ದನ್ನು ಇದ್ದ ಹಾಗೆ ಬರೆ ಎಂದರು. ರೈತ ಹೆಣ್ಣುಮಗಳಿಗೆ ಬೆಳೆ ಎಷ್ಟು ಮೆಚ್ಚುಗೆಯಾಯಿತೆಂದರೆ ಅತಿಥಿಗೆ ಅದನ್ನೇ ಬಡಿಸಿದಳು ಎಂದು ಬರೆ, ತೂಕ ಮುಂದಿನ ವರ್ಷ ತೂಗೋಣ ಎಂದರು.

ಅವರಿಗೇನು, ಅವರು ಮರುದಿನ ಬೇರೆ ಜಿಲ್ಲೆಗೆ ಹೋಗುವವರು. ನಾನು ರೋಣದ ಸಾಹೇಬರ ಮುಂದೆ ನಿಲ್ಲಬೇಕಾದವನು. ಸರಕಾರದ ಬೆಳೆಯನ್ನು ಊರಿಗೆಲ್ಲ ತಿನ್ನಿಸಿದೆ ಎಂದು ಬರೆದರೆ ಕಾಯಂ ಆಗುವುದಿರಲಿ, ಇದ್ದ ಕೆಲಸವೂ ಹೋಗುತ್ತದೆಂದು ದಿಗಿಲು. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ, ಬರೆದೆ, ಹರಿದೆ, ಮತ್ತೆ ಬರೆದೆ. ಕಡೆಗೆ ಒಂದೇ ಸಾಲು ಉಳಿಯಿತು: ಪ್ರಯೋಗದ ಬೆಳೆಯನ್ನು ಹಕ್ಕಿಗಳು ತಿಂದಿವೆ. ಹಕ್ಕಿಯ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ ಎಂದುಕೊಂಡೆ, ಎಂಥ ಮೂರ್ಖ ನಾನು.

ಯುಗಾದಿಗೆ ಮುಂಚೆ ಮೇಲಿನಿಂದ ಉತ್ತರ ಬಂತು. ಊರ ಚಾವಡಿಯಲ್ಲಿ ಅದನ್ನು ಓದಿ ಹೇಳುವುದೂ ನನ್ನದೇ ಕೆಲಸ. ಹಿರಿಯರು, ಮೈದುನ, ಸೀತನಿ ತಿಂದ ಮಂದಿಯೆಲ್ಲ ಕೂತಿದ್ದರು. ಅವಳು ಬಾಗಿಲ ಬಳಿ ನಿಂತಿದ್ದಳು. ಬೆಳೆಯನ್ನು ಹಕ್ಕಿಗಳು ತಿಂದಿದ್ದು, ಕಾಯುವುದರಲ್ಲಿ ರೈತ ಮಹಿಳೆಯ ನಿರ್ಲಕ್ಷ್ಯ ಕಂಡುಬಂದಿರುವುದರಿಂದ ಈ ಊರಿಗೆ ಮತ್ತೆ ಬೀಜ ಕೊಡತಕ್ಕದ್ದಲ್ಲ ಎಂದು ಓದಿದೆ.

"ಕೇಳಿದ್ರಿಲ್ಲೋ?" ಎಂದು ಮೈದುನ ಎದ್ದ. "ಹಕ್ಕಿ ಕಾಯಾಕ ಬರಲಾರದಾಕಿ ಹೊಲ ಏನ್ ಮಾಡ್ತಾಳ? ನಾ ಹೇಳಿದ್ದಲ್ಲ, ಸರಕಾರನ ಹೇಳತೈತಿ."

ಹಿರಿಯರು ಅವಳ ಕಡೆ ತಿರುಗಿ, "ಏನಂತೀಯವಾ?" ಎಂದರು.

ಅವಳು ಮೊದಲು ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವೆನೆಂದು ಕಾದಳೆಂದೇ ನನಗೆ ಇಂದಿಗೂ ಅನಿಸುತ್ತದೆ. ನಾನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಹೌದ್ರಿ, ಹಕ್ಕಿನ ತಿಂದಾವ," ಎಂದಳು. "ಕಂಬಳಿ ಹಾಸಿ ಕುಂಡ್ರಿಸಿ ನಾನ ತಿನ್ನಿಸೀನಿ."

ಅವಳು ಸೆರಗು ಹೊದ್ದುಕೊಂಡು ಚಾವಡಿಯ ಮೆಟ್ಟಿಲಿಳಿದು ಹೋದಳು. ಆ ಮಳೆಗಾಲಕ್ಕೆ ಅವಳ ಹೊಲವನ್ನು ಮೈದುನನ ಎತ್ತುಗಳು ಉಳುತ್ತಿದ್ದವು, ಅದಕ್ಕೂ ಮೊದಲೇ ನನ್ನ ನೌಕರಿ ಕಾಯಂ ಆಗಿತ್ತು.